ಇಂಜಿನ್ನಿಗೆ ಶೀತ

ನನ್ನ ಬಲಭುಜ ಎಡಭುಜಕ್ಕಿಂತ ಸ್ವಲ್ಪ ಕೆಳಗಿದೆ. ಇದನ್ನು ಮೊದಲು ಕಂಡುಹಿಡಿದವನು ಚಿಕ್ಕಬಳ್ಳಾಪುರದ ನನ್ನ ದರ್ಜಿ. ಅಳತೆ ಟೇಪು ಹಿಡಿದು ಬೆನ್ನ ಹಿಂದೆ ನಿಂತವನು, "ಏನ್ ಸಾರ್, ಈ ಕಡೆ ಇಳಿದೋಗೈತಲ್ಲ, ಮೂಟೆ ಗೀಟೆ ಹೊರ್ತಿದ್ರಾ?" ಎಂದು ಕೇಳಿದ. ಮೂಟೆ ಹೊತ್ತಿರಲಿಲ್ಲ, ಕಾರು ತಳ್ಳಿದ್ದೆ. ಒಂದೇ ಕಾರನ್ನು, ಒಬ್ಬ ಹೆಂಗಸಿನ ಬಾಯಿಗೆ ಹೆದರಿ, ವರ್ಷಗಟ್ಟಲೆ ತಳ್ಳಿದ್ದೆ. ಆ ಹೆಂಗಸು ಹೋದ ವರ್ಷ ತೀರಿಕೊಂಡರು. ಅವತ್ತಿನಿಂದ ಅವರ ಬಗ್ಗೆ ಬರೆಯಬೇಕು ಅಂದುಕೊಳ್ಳುತ್ತಲೇ ಇದ್ದೆ, ಈಗ ಕೂತಿದ್ದೇನೆ.

ಅವರ ಹೆಸರು ಮಾತ್ರ ಬರೆಯುವುದಿಲ್ಲ. ಇದರಲ್ಲಿ ಅವರ ತಮ್ಮನಿಗೆ ತಿಳಿಯಬಾರದ ಒಂದು ಸಂಗತಿ ಇದೆ. ಆತ ಪೇಪರಿನಲ್ಲಿ ರಾಶಿಭವಿಷ್ಯ ಬಿಟ್ಟು ಬೇರೇನನ್ನೂ ಓದುವುದಿಲ್ಲ ಎಂಬ ಧೈರ್ಯದ ಮೇಲೆ ಶುರು ಮಾಡಿದ್ದೇನೆ.

ನಾವಿಬ್ಬರೂ ಶಿಡ್ಲಘಟ್ಟ ತಾಲ್ಲೂಕಿನ ಒಂದು ಹೈಸ್ಕೂಲಿನಲ್ಲಿ ಪಾಠ ಹೇಳುತ್ತಿದ್ದೆವು. ನಾನು ಕನ್ನಡ, ಅವರು ವಿಜ್ಞಾನ. ಇಬ್ಬರ ಮನೆಯೂ ಚಿಕ್ಕಬಳ್ಳಾಪುರದಲ್ಲಿ. ನಾನು ಕೆಲಸಕ್ಕೆ ಸೇರಿದ ಹೊಸದರಲ್ಲಿ ಒಂದು ಬೆಳಿಗ್ಗೆ ಬಸ್ಸಿಗೆ ಕಾಯುತ್ತಿದ್ದಾಗ, ಮೈಯೆಲ್ಲ ತಿಳಿನೀಲಿಯಾಗಿ ಒಂದು ಬಾಗಿಲು ಮಾತ್ರ ಕಡುನೀಲಿಯಾಗಿದ್ದ ಹಳೇ ಕಾರೊಂದು ಪಕ್ಕದಲ್ಲಿ ಬಂದು ನಿಂತಿತು. ಗಂಡಸರ ವಾಚು ಕಟ್ಟಿದ್ದ ಒಂದು ಕೈ ಕಿಟಕಿಯಿಂದ ಆಚೆ ಬಂತು. "ಪಂಡಿತ್ರೇ, ಹತ್ತಿ" ಎಂದರು. ಎಂಥ ದೊಡ್ಡ ಮನಸ್ಸು ಅಂದುಕೊಂಡು ಹತ್ತಿದೆ. ಶಿಡ್ಲಘಟ್ಟದ ಹೊರಗೆ, ರೇಷ್ಮೆಗೂಡು ಬೇಯಿಸುವ ವಾಸನೆ ಮೂಗಿಗೆ ಹೊಡೆಯುವ ಜಾಗದಲ್ಲಿ, ಮೇಡಂ ಕಡಲೆಕಾಯಿ ಕೊಳ್ಳಲು ಗಾಡಿ ನಿಲ್ಲಿಸಿದರು. ಮತ್ತೆ ಕೀಲಿ ತಿರುಗಿಸಿದರೆ ಕಾರು ಒಂದು ಸಲ ನರಳಿ ಸುಮ್ಮನಾಯಿತು. "ಸೆಲ್ಫ್ ತಗೋತಿಲ್ಲ. ಇಳೀರಿ, ಸ್ವಲ್ಪ ತಳ್ಳಿ. ಗಟ್ಟಿಯಾಗಿದ್ದೀರ ಅಂತಾನೇ ಹತ್ತಿಸ್ಕೊಂಡಿದ್ದು" ಎಂದರು. ನನಗೆ ಸಿಕ್ಕಿದ್ದು ಉಪಕಾರವಲ್ಲ, ಇನ್ನೊಂದು ನೌಕರಿ ಎಂದು ಆಗ ಗೊತ್ತಾಯಿತು.

ಸತ್ತವರ ಬಗ್ಗೆ ಒಳ್ಳೆಯದನ್ನೇ ಬರೆಯಬೇಕು ಅನ್ನುತ್ತಾರೆ. ಹಾಗೆ ಬರೆದರೆ ಅದು ಅವರಾಗುವುದಿಲ್ಲ. ನಮ್ಮ ಮೇಡಂ ಬೇರೆಯವರ ಊಟದ ಡಬ್ಬಿಯನ್ನು ಕೇಳದೆ ತೆಗೆಯುತ್ತಿದ್ದರು. ತೆಗೆದು, ತಿಂದು, ಆಮೇಲೆ "ಉಪ್ಪು ಜಾಸ್ತಿ" ಅನ್ನುತ್ತಿದ್ದರು. ಅವರಿಗೆ ಅಡುಗೆ ಬರುತ್ತಿರಲಿಲ್ಲ, ಕಲಿಯುವ ಉದ್ದೇಶವೂ ಇರಲಿಲ್ಲ. ಹೆಡ್‌ಮಾಸ್ತರರ ಭಾಷಣದ ನಡುವೆ ಕಡಲೆಕಾಯಿ ಸುಲಿಯುತ್ತಿದ್ದರು, ಅದೂ ಸದ್ದು ಬರುವ ಹಾಗೆ. ತಾನು ಗಾಡಿ ಓಡಿಸುವುದರಲ್ಲಿ ಜಿಲ್ಲೆಗೇ ಮೊದಲು ಎಂಬ ಭ್ರಮೆ ಬೇರೆ. ಎದುರಿಗೆ ಎಮ್ಮೆ ಬಂದರೆ ಹಾರ್ನ್ ಹೊಡೆಯುತ್ತಿದ್ದರು, ಲಾರಿ ಬಂದರೆ ಬೈಯುತ್ತಿದ್ದರು, ಪಕ್ಕದಲ್ಲಿ ಕೂತ ನಾನು ಕಣ್ಣು ಮುಚ್ಚಿಕೊಂಡರೆ "ಪಂಡಿತ್ರಿಗೆ ನಿದ್ದೆ ಬಂತು" ಎಂದು ನಗುತ್ತಿದ್ದರು.

ಮದುವೆಯಾಗಿರಲಿಲ್ಲ. ಯಾಕೆ ಎಂದು ಕೇಳಿದ ಹೊಸ ಟೀಚರೊಬ್ಬರಿಗೆ, "ನೋಡೋಕೆ ಬಂದಿದ್ದೋರೆಲ್ಲಾ ನನ್ನ ಸಂಬಳ ಎಷ್ಟು ಅಂತ ಕೇಳಿದ್ರು ಕಣಮ್ಮ. ನಾನೂ ಅವರದ್ದು ಕೇಳ್ದೆ. ಅಲ್ಲಿಗೆ ಮುಗೀತು" ಎಂದಿದ್ದರು. ಆ ಟೀಚರ್ ಮುಂದೆ ಅವರನ್ನು ಏನನ್ನೂ ಕೇಳಲಿಲ್ಲ.

ಅವರ ವ್ಯಾನಿಟಿ ಬ್ಯಾಗಿನಲ್ಲಿ ಪೌಡರು ಕನ್ನಡಿ ಇರುತ್ತಿರಲಿಲ್ಲ. ಕರೆಂಟು ಅಳೆಯುವ ಹಳದಿ ಮೀಟರೊಂದು ಕರವಸ್ತ್ರದಲ್ಲಿ ಸುತ್ತಿಕೊಂಡು ಮಲಗಿರುತ್ತಿತ್ತು. ಕೆಂಪು ವೈರಿನ ಕಡ್ಡಿಯೊಂದು, ಕಪ್ಪು ವೈರಿನ ಕಡ್ಡಿಯೊಂದು. ಯಾರಾದರೂ "ಗೋಡೆ ಗಡಿಯಾರ ನಿಂತಿದೆ" ಅಂದರೆ ಸಾಕು, ಮೀಟರು ಆಚೆ ಬರುತ್ತಿತ್ತು. ಟಾರ್ಚಿನ ಸೆಲ್ಲು, ಲ್ಯಾಬಿನ ಸ್ವಿಚ್ಚು, ಒಂದು ಸಲ ಹೆಡ್‌ಮಾಸ್ತರರ ಕಿವಿಯ ಯಂತ್ರದ ಪುಟ್ಟ ಬ್ಯಾಟರಿ. "ಇದರಲ್ಲಿ ಏನೂ ಇಲ್ಲ ಸಾರ್. ಇಷ್ಟು ದಿನ ನೀವು ನಮ್ಮ ಮಾತು ಕೇಳಿಸ್ಕೊಂಡಂಗೆ ನಾಟಕ ಆಡ್ತಿದ್ರಿ" ಎಂದು ಎಲ್ಲರ ಮುಂದೆ ಹೇಳಿಬಿಟ್ಟರು. ಅವರ ಮಾತೊಂದಿತ್ತು: "ಮೊದ್ಲು ಅಳೆದು ನೋಡಿ, ಆಮೇಲೆ ಬೈರಿ." ಮಕ್ಕಳಿಗೂ ಅದನ್ನೇ ಹೇಳುತ್ತಿದ್ದರು, ಮೇಷ್ಟರುಗಳಿಗೂ ಅದನ್ನೇ. ತಾವು ಮಾತ್ರ ಅಳೆಯುವುದಕ್ಕೆ ಮೊದಲೂ ಬೈಯುತ್ತಿದ್ದರು, ಅಳೆದ ಮೇಲೂ ಬೈಯುತ್ತಿದ್ದರು.

ಊರಿಗೆಲ್ಲ ಮೀಟರು ಹಿಡಿಯುತ್ತಿದ್ದ ಈ ಮಹಾತಾಯಿ ತಮ್ಮ ಕಾರಿಗೆ ಮಾತ್ರ ಅದನ್ನು ಸರಿಯಾಗಿ ಹಿಡಿದಿರಲಿಲ್ಲ. ಬ್ಯಾಟರಿಗೆ ಇಟ್ಟು ನೋಡುವುದು, "ಮತ್ತೆ ಇಳಿದಿದೆ" ಅನ್ನುವುದು, ಚಿಂತಾಮಣಿಯ ಎಲೆಕ್ಟ್ರಿಷಿಯನ್ ಹತ್ತಿರ ಒಯ್ಯುವುದು. ಅವನು ಒಂದು ಸಲ ಬ್ಯಾಟರಿ ಬದಲಾಯಿಸಿದ. ಇನ್ನೊಂದು ಸಲ ಡೈನಮೋ ಬದಲಾಯಿಸಿದ. ಪುಸ್ತಕದಲ್ಲಿ ಅದನ್ನು ಆಲ್ಟರ್ನೇಟರ್ ಅನ್ನುತ್ತಾರೆ, ಇಂಜಿನ್ ತಿರುಗುವಾಗ ತಾನೂ ತಿರುಗಿ ಬ್ಯಾಟರಿಗೆ ಕರೆಂಟು ತುಂಬುವ ವಸ್ತು. ನಮ್ಮ ಕಡೆ ಎಲ್ಲರ ಬಾಯಲ್ಲೂ ಅದು ಡೈನಮೋ. ಮೂರನೇ ಸಲ ಅವನೇ ಕೈ ಮುಗಿದು, "ಮೇಡಂ, ಇದಿ ಗ್ರಹಚಾರಂ. ನನ್ ಕೈಲಿ ಆಗಲ್ಲ" ಎಂದುಬಿಟ್ಟ. ಮೀಟರು ಕಂಕುಳಲ್ಲೇ ಇಟ್ಟುಕೊಂಡು ನೀವೇಕೆ ಸರಿಯಾಗಿ ಹುಡುಕಲಿಲ್ಲ ಎಂದು ಕೇಳಿದೆ. "ಬೇರೆಯವರದ್ದಾದ್ರೆ ಅಳೀಬೋದು ಪಂಡಿತ್ರೇ. ನಮ್ಮನೇದನ್ನ ಯಾರು ಅಳೀತಾರೆ?" ಎಂದರು.

ಹಾಗಾಗಿ ಇಳಿಜಾರುಗಳನ್ನು ನಂಬಿ ಬದುಕುತ್ತಿದ್ದೆವು. ನಂದಿಯಿಂದ ಜಂಗಮಕೋಟೆಯವರೆಗೆ ಯಾವ ಊರಿನಲ್ಲಿ ಎಲ್ಲಿ ರಸ್ತೆ ಇಳಿಯುತ್ತದೆ ಎಂದು ಅವರಿಗೆ ಬಾಯಿಪಾಠ. ಮದುವೆಗೆ ಹೋದರೆ ಛತ್ರದ ಮುಂದೆ ನಿಲ್ಲಿಸದೆ, ದೂರದ ದಿಣ್ಣೆಯ ಮೇಲೆ ಕಾರು ಬಿಟ್ಟು, ರೇಷ್ಮೆ ಸೀರೆ ಎತ್ತಿ ಹಿಡಿದು ನಡೆದು ಬರುತ್ತಿದ್ದರು. ಸಿಕ್ಕವರೆಲ್ಲ "ಏನ್ ಮೇಡಂ, ವಾಕಿಂಗಾ?" ಎಂದು ಕೇಳಿದರೆ "ಹ್ಞೂ, ಡಾಕ್ಟ್ರು ಹೇಳಿದ್ದಾರೆ" ಅನ್ನುತ್ತಿದ್ದರು. ದಿಣ್ಣೆ ಇಲ್ಲದ ಊರಿನಲ್ಲಿ ನಾನಿದ್ದೆ.

ಮೇಡಂ ಇದ್ದದ್ದು ತಮ್ಮನ ಮನೆಯಲ್ಲಿ. ಆತ ಒಂದು ಸರ್ಕಾರಿ ಕಚೇರಿಯಲ್ಲಿ ಗುಮಾಸ್ತ. ದೇವರು ದಿಂಡರು ಅಂದರೆ ಪ್ರಾಣ, ಅಕ್ಕ ಅಂದರೆ ಭಯ. ಕೆಟ್ಟ ಮನುಷ್ಯನಲ್ಲ. ಆದರೂ ಮನೆ ಆತನದು. ಯಾವ ಚಾನೆಲ್ ನೋಡಬೇಕು, ಎಷ್ಟು ಹೊತ್ತಿಗೆ ಊಟ, ಯಾವ ಕಿಟಕಿ ತೆಗೆಯಬೇಕು ಎಲ್ಲವೂ ಆತನ ಸಂಸಾರದ್ದು. ಒಂದು ಸಂಜೆ ಶಿಡ್ಲಘಟ್ಟದಿಂದ ವಾಪಸು ಬರುವಾಗ ಮೇಡಂ ಕಿಟಕಿಯ ಗಾಜು ಇಳಿಸಿ, ರೇಡಿಯೋ ಜೋರು ಮಾಡಿ, ಚಪ್ಪಲಿ ಕಳಚಿ ಹಿಂದಿನ ಸೀಟಿಗೆ ಎಸೆದರು. "ನನ್ನ ಮನೆ ಅಂದ್ರೆ ಇದೇ ಪಂಡಿತ್ರೇ. ಅಲ್ಲಿರೋದು ರೂಮು" ಎಂದರು. ಆ ಕಾರನ್ನು ಇನ್ನು ಮುಂದೆ ಗೊಣಗದೆ ತಳ್ಳಬೇಕು ಎಂದು ಅವತ್ತು ನನಗೆ ಅನ್ನಿಸಿತು.

ಆ ಮನೆಗೇ ಸಂಚಕಾರ ಬಂದದ್ದು ಗೌರಿಬಿದನೂರಿನ ಹಾದಿಯಲ್ಲಿ. ತಮ್ಮನ ಮಗಳಿಗೆ ಗಂಡು ಗೊತ್ತಾಗಿ, ಮಾತುಕತೆಗೆಂದು ಮನೆಮಂದಿಯೆಲ್ಲ ಗೌರಿಬಿದನೂರಿಗೆ ಹೊರಟಿದ್ದರು. ಬಾಡಿಗೆ ಕಾರು ತರಿಸುತ್ತೇನೆ ಅಂದ ತಮ್ಮನನ್ನು ಅಕ್ಕ ಬೈದು ತಮ್ಮ ಕಾರಿನಲ್ಲೇ ಕೂರಿಸಿದ್ದರು. ಮಂಚೇನಹಳ್ಳಿಯಲ್ಲಿ ಹೂವು ಹಣ್ಣು ಕೊಳ್ಳಲು ನಿಲ್ಲಿಸಿದ್ದೇ ತಪ್ಪಾಯಿತು. ಮಟ್ಟಸ ರಸ್ತೆ, ದಿಣ್ಣೆ ಇಲ್ಲ, ನಾನೂ ಇಲ್ಲ. ತಮ್ಮನೇ ಜರಿ ಪಂಚೆ ಎತ್ತಿ ಕಟ್ಟಿ ಕಾರು ತಳ್ಳಬೇಕಾಯಿತು. ಬಸ್‌ಸ್ಟ್ಯಾಂಡಿನಲ್ಲಿ ನಿಂತಿದ್ದವರೊಬ್ಬರು ಬಂದು ಕೈ ಹಾಕಿ, "ಯಾವೂರು ಸ್ವಾಮಿ, ಎಲ್ಲಿಗೆ?" ಎಂದು ವಿಚಾರಿಸಿದರು. ಅರ್ಧ ಗಂಟೆಯ ನಂತರ ಗೌರಿಬಿದನೂರಿನಲ್ಲಿ, ಗಂಡಿನ ಸೋದರಮಾವ ಎಂದು ಪರಿಚಯವಾದವರು ಅವರೇ.

ಸಂಬಂಧ ಕೂಡಿಬಂತು. ಆದರೆ ಆ ಮಾವ ಅಲ್ಲಿ ಸಿಕ್ಕ ಸಿಕ್ಕವರಿಗೆಲ್ಲ "ನಮ್ ಬೀಗರನ್ನ ನಾನು ಮೊದ್ಲು ಹಿಂದಗಡೆಯಿಂದ ನೋಡಿದ್ದು" ಎಂದು ಹೇಳತೊಡಗಿದರು. ತಮ್ಮನೋ ಮರ್ಯಾದೆಯ ಮನುಷ್ಯ. ಮನೆಗೆ ಬಂದವನೇ ಜೀವಮಾನದಲ್ಲಿ ಮೊದಲ ಸಲ ಅಕ್ಕನ ಮುಂದೆ ದನಿ ಎತ್ತಿದ. ಚಿಂತಾಮಣಿಯ ಗುಜರಿಯವನೊಬ್ಬನಿಗೆ ಫೋನು ಮಾಡಿ ಭಾನುವಾರ ಬಾ ಎಂದ. ನನಗೆ ಇದನ್ನೆಲ್ಲ ಸೋಮವಾರ ಬೆಳಿಗ್ಗೆ ಕಾರಿನಲ್ಲಿ ಮೇಡಮ್ಮೇ ಹೇಳಿದರು.

"ನೀವೇನಂದ್ರಿ?" ಎಂದೆ.

"ಭಾನುವಾರ ಅವನ ಮುಂದೇನೇ ಸೆಲ್ಫ್ ಹೊಡೀತೀನಿ, ತಗೊಂಡಿಲ್ಲ ಅಂದ್ರೆ ಕೀಲಿ ನಿಂಗೇ ಕೊಡ್ತೀನಿ ಅಂದೆ."

"ಯಾಕ್ ಮೇಡಂ ಹಂಗಂದ್ರಿ?"

"ಸಿಟ್ಟು ಬಂತು" ಎಂದರು. ಆಮೇಲೆ ಶಾಲೆ ಬರುವವರೆಗೂ ಹಾರ್ನ್ ಹೊಡೆಯಲಿಲ್ಲ, ಯಾರನ್ನೂ ಬೈಯಲಿಲ್ಲ. ಅವರನ್ನು ಹಾಗೆ ನೋಡಿ ನನಗೆ ನಿಜವಾಗಿ ಭಯವಾಯಿತು.

ಸ್ಟಾಫ್ ರೂಮಿನಲ್ಲಿ ವಿಷಯ ಹಬ್ಬಿತು. ನಮ್ಮಲ್ಲಿ ಕಾರು ಇದ್ದವರು ಇಬ್ಬರು, ಕಾರಿನ ಬಗ್ಗೆ ಗೊತ್ತಿದ್ದವರು ಎಲ್ಲರೂ. ಹೆಡ್‌ಮಾಸ್ತರರು ಬ್ಯಾಟರಿ ಅಂದರು. ಪಿ.ಟಿ. ಮೇಷ್ಟ್ರು ಬೆಲ್ಟು ಸಡಿಲ ಅಂದರು. ಸಮಾಜದ ಮೇಷ್ಟ್ರು, ಕಾರನ್ನು ದಕ್ಷಿಣಕ್ಕೆ ಮುಖ ಮಾಡಿ ನಿಲ್ಲಿಸುತ್ತೀರಿ, ಅದೇ ದೋಷ ಅಂದರು. ಮೇಡಂ ಎಲ್ಲರ ಮಾತನ್ನೂ ಕೇಳಿ, ಸಮಾಜದ ಮೇಷ್ಟ್ರ ಡಬ್ಬಿಯಿಂದ ಎರಡು ಚಪಾತಿ ತಿಂದು, ಎದ್ದರು. "ಪಂಡಿತ್ರೇ, ನಿಮ್ಗೆ ಈಗ ಪೀರಿಯಡ್ ಇಲ್ವಲ್ಲ, ಬನ್ನಿ" ಎಂದರು.

ಮೈದಾನದ ಅಂಚಿನ ಹೊಂಗೆ ಮರದ ಕೆಳಗೆ ಕಾರು ನಿಂತಿತ್ತು. ಮೊದಲು ನನ್ನಿಂದ ತಳ್ಳಿಸಿ ಸ್ಟಾರ್ಟ್ ಮಾಡಿದರು. ಹೆಡ್‌ಲೈಟು ಹಾಕಿಸಿದರು. ಸೀರೆಯ ಸೆರಗನ್ನು ಸೊಂಟಕ್ಕೆ ಬಿಗಿದು ಬಾನೆಟ್ ಎತ್ತಿದರು. ತಿರುಗುತ್ತಿದ್ದ ಬೆಲ್ಟಿನ ಸದ್ದು ಆಲಿಸಿ, "ಬಿಗಿಯಾಗಿದೆ. ಪಿ.ಟಿ. ಮೇಷ್ಟ್ರು ಫೇಲು" ಎಂದರು. ಆಮೇಲೆ ಮೀಟರಿನ ಎರಡು ಕಡ್ಡಿಗಳನ್ನು ಬ್ಯಾಟರಿಯ ಎರಡು ತುದಿಗೆ ಇಟ್ಟರು.

"ಓದಿ ಹೇಳಿ."

"ಹನ್ನೆರಡು, ಮೇಲೆ ಚಿಲ್ಲರೆ."

"ಇಂಜಿನ್ ಓಡ್ತಿರುವಾಗ ಇಲ್ಲಿ ಹದಿನಾಲ್ಕು ಇರ್ಬೇಕು. ಇಲ್ಲ. ಚಿಂತಾಮಣಿಯೋನು ಇಷ್ಟು ನೋಡಿ ಡೈನಮೋ ಸತ್ತಿದೆ ಅಂದ. ಈಗ ಸತ್ತೋನನ್ನೇ ಕೇಳೋಣ."

ಕೆಂಪು ಕಡ್ಡಿಯನ್ನು ಡೈನಮೋದ ಬೆನ್ನಿನಲ್ಲಿದ್ದ ದಪ್ಪ ವೈರಿನ ಬೋಲ್ಟಿಗೆ, ಕಪ್ಪು ಕಡ್ಡಿಯನ್ನು ಅದರ ಮೈಗೆ ಇಟ್ಟರು. ಹದಿನಾಲ್ಕನ್ನು ದಾಟಿತ್ತು. ಇಬ್ಬರೂ ಮುಖ ನೋಡಿಕೊಂಡೆವು.

"ಇಲ್ಲಿ ಹುಟ್ತಾ ಇದೆ. ಅಲ್ಲಿ ತಲುಪ್ತಾ ಇಲ್ಲ" ಎಂದರು ಮೇಡಂ.

"ಅಂದ್ರೆ?"

"ಅಂದ್ರೆ ಮಧ್ಯದಲ್ಲಿ ಯಾರೋ ತಿಂತಿದ್ದಾರೆ. ಬೆಂಗಳೂರಲ್ಲಿ ಮಂಜೂರಾದದ್ದು ನಮ್ಮ ಸ್ಕೂಲಿಗೆ ಬಂದಂಗೆ."

ತಿನ್ನುವವರು ಯಾರು ಎಂದು ಹುಡುಕುವುದು ಅಷ್ಟೇನೂ ಕಷ್ಟವಾಗಲಿಲ್ಲ. ಕರೆಂಟಿಗೆ ಹೋಗುವ ದಾರಿಯೊಂದು, ವಾಪಸು ಬರುವ ದಾರಿಯೊಂದು ಎಂದು ನನಗೆ ಪಾಠ ಮಾಡಿದರು. ಹೋಗುವ ದಾರಿ ದಪ್ಪ ವೈರು. ವಾಪಸು ಬರುವ ದಾರಿ ಕಾರಿನ ಮೈ, ಅಂದರೆ ಅರ್ತು. ಮೊದಲನೆಯ ದಾರಿಯ ಎರಡು ತುದಿಗೆ ಕಡ್ಡಿ ಇಟ್ಟರು. ಮೀಟರು ಸೊನ್ನೆಯ ಹತ್ತಿರವೇ ನಿಂತಿತು. "ಇಲ್ಲಿ ಕಳ್ಳ ಇಲ್ಲ" ಎಂದರು. ಆಮೇಲೆ ಕಪ್ಪು ಕಡ್ಡಿಯನ್ನು ಬ್ಯಾಟರಿಯ ಮೈನಸ್ಸಿಗೆ, ಕೆಂಪನ್ನು ಇಂಜಿನ್ನಿನ ಮೈಗೆ ಒತ್ತಿದರು. ಇಲ್ಲೂ ಸೊನ್ನೆ ಬರಬೇಕಿತ್ತು, ಬಂದದ್ದು ಒಂದೂವರೆ. "ಎಲ್ರೂ ಹೋಗೋ ದಾರೀನೇ ನೋಡ್ತಾರೆ ಪಂಡಿತ್ರೇ. ಬರೋ ದಾರಿ ಯಾವನೂ ನೋಡಲ್ಲ" ಎಂದು ಗೊಣಗುತ್ತ ಬಗ್ಗಿದರು.

ಇಂಜಿನ್ನಿನಿಂದ ಕಾರಿನ ಮೈಗೆ, ಜಡೆಯ ಹಾಗೆ ಹೆಣೆದ ತಾಮ್ರದ ಪಟ್ಟಿಯೊಂದು ಬಂದು ಬೋಲ್ಟಿನಲ್ಲಿ ಬಿಗಿದಿತ್ತು. ಪಟ್ಟಿ ಕಾಣಿಸಿತು, ಬೋಲ್ಟು ಕಾಣಿಸಲಿಲ್ಲ. ಅದಿರಬೇಕಾದ ಜಾಗದಲ್ಲಿ ಒಂದು ಪುಟ್ಟ ದೇವಸ್ಥಾನವಿತ್ತು. ಅರಿಸಿನ, ಅದರ ಮೇಲೆ ಕುಂಕುಮ, ಅದರ ಮೇಲೆ ವಿಭೂತಿ, ಮತ್ತೆ ಅರಿಸಿನ. ಪದರ ಪದರವಾಗಿ ಒಣಗಿ ಗಟ್ಟಿಯಾಗಿತ್ತು. ನಡುವೆ ಸೇವಂತಿಗೆಯ ಎಸಳು, ಹೂವಿನ ದಾರ. ಬುಡದಲ್ಲಿ ತಾಮ್ರಕ್ಕೆ ಹಸಿರು ಕಿಲುಬು. ಬಾನೆಟ್ ಎತ್ತಿದ ತಕ್ಷಣ ಕಣ್ಣಿಗೆ ಬೀಳುವ, ಅಂಗೈ ಅಗಲದ ಸಮತಟ್ಟಾದ ಜಾಗ ಅದೊಂದೇ. ದೇವರನ್ನು ಕೂರಿಸಲು ಹೇಳಿ ಮಾಡಿಸಿದ ಹಾಗಿತ್ತು.

ಪ್ರತಿ ಆಯುಧಪೂಜೆಗೆ ತಮ್ಮ ಆ ಕಾರಿಗೆ ಪೂಜೆ ಮಾಡುತ್ತಿದ್ದ. ಊರವರೆಲ್ಲ ಗಾಡಿಯ ಹೊರಗಡೆ ಮಾಡಿ ಮುಗಿಸಿದರೆ ಈತನದು ಒಳಪೂಜೆ. ಗಾಡಿಯ ಜೀವ ಇರುವುದು ಇಂಜಿನ್ನಿನಲ್ಲಿ, ಅಭಿಷೇಕ ಆಗಬೇಕಾದದ್ದು ಅದಕ್ಕೇ ಎಂಬುದು ಆತನ ಸಿದ್ಧಾಂತ. ಬಾನೆಟ್ ಎತ್ತಿ, ತೆಂಗಿನಕಾಯಿ ಒಡೆದು, ಕಾಯಿ ನೀರನ್ನು ಅದೇ ಜಾಗಕ್ಕೆ ಸುರಿದು, ಅರಿಸಿನ ಕುಂಕುಮ ಹಚ್ಚಿ ಹೂವಿಡುತ್ತಿದ್ದ. ಮೇಡಂಗೆ ಪೂಜೆ ಪುನಸ್ಕಾರ ಆಗುತ್ತಿರಲಿಲ್ಲ. "ನೀನು ಮಾಡ್ಕೋ, ನಂಗೆ ಹುಗ್ಗಿ ಬಂದ್ರೆ ಸಾಕು" ಎಂದು ರೂಮಿನಲ್ಲೇ ಕೂತಿರುತ್ತಿದ್ದರು. ಮಧ್ಯೆ ಯಾವನೋ ಮೆಕ್ಯಾನಿಕ್ಕು ಆ ಬೋಲ್ಟು ಬಿಚ್ಚಿ, ಕುಂಕುಮದ ಸಮೇತ ಮತ್ತೆ ಬಿಗಿದಿದ್ದ. ವರ್ಷ ವರ್ಷದ ಕಾಯಿ ನೀರು ಸಂದಿಗೆ ಇಳಿದು ಕಿಲುಬು ಹಿಡಿಸಿತ್ತು. ಡೈನಮೋ ದುಡಿದದ್ದೆಲ್ಲ ಬ್ಯಾಟರಿ ಸೇರದೆ ಈ ದೇವಸ್ಥಾನದ ಬಾಗಿಲಲ್ಲಿ ನಿಲ್ಲುತ್ತಿತ್ತು.

ಮೇಡಂ ಹೊಂಗೆ ಮರದ ಬೇರಿನ ಮೇಲೆ ಕೂತು ನಗತೊಡಗಿದರು. ಕಣ್ಣಲ್ಲಿ ನೀರು ಬರುವವರೆಗೂ ನಕ್ಕರು. ಆಮೇಲೆ ಇಂಜಿನ್ ನಿಲ್ಲಿಸಿ, ಸ್ಪಾನರ್ ತೆಗೆದು ಬೋಲ್ಟು ಬಿಚ್ಚಿ, ಲ್ಯಾಬಿನಿಂದ ಉಪ್ಪುಕಾಗದ ತರಿಸಿ, ತಾಮ್ರವೂ ಕಬ್ಬಿಣವೂ ಫಳಫಳ ಹೊಳೆಯುವವರೆಗೂ ಉಜ್ಜಿದರು. ಉದುರಿದ ಪುಡಿಯನ್ನು ಬೆರಳಿಗೆ ತಗೊಂಡು, ನಾನು ತಪ್ಪಿಸಿಕೊಳ್ಳುವ ಮುಂಚೆಯೇ ನನ್ನ ಹಣೆಗೆ ಇಟ್ಟು, "ಪ್ರಸಾದ" ಎಂದರು. ಕಿಲುಬು ಸೇರಿದ ಕುಂಕುಮ. ನನ್ನ ಹಣೆ ಎರಡು ದಿನ ಉರಿಯಿತು.

ಬೋಲ್ಟು ಬಿಗಿದು, ನನ್ನಿಂದ ಇನ್ನೊಮ್ಮೆ ತಳ್ಳಿಸಿ ಸ್ಟಾರ್ಟ್ ಮಾಡಿ, ಮತ್ತೆ ಬ್ಯಾಟರಿಗೆ ಮೀಟರು ಇಟ್ಟರು. ಹದಿನಾಲ್ಕು. ನನಗೆ ಖುಷಿಯಿಂದ ಕುಣಿಯುವಂತಾಯಿತು. "ಇವತ್ತೇ ಹೋಗಿ ನಿಮ್ಮ ತಮ್ಮನ ಮುಖಕ್ಕೆ ಹೇಳಿ ಮೇಡಂ. ಗಾಡಿ ಕೆಡಿಸಿದ್ದೂ ಅವರೇ, ಗುಜರಿಗೆ ಹಾಕ್ತೀನಿ ಅನ್ನೋದೂ ಅವರೇ. ಮಂಚೇನಹಳ್ಳೀಲಿ ಪಂಚೆ ಎತ್ತಿ ಕಟ್ಟಿದ್ದು ತಮ್ಮ ಪೂಜೆಯ ಫಲ ಅಂತ ಗೊತ್ತಾಗ್ಲಿ" ಎಂದೆ. ನಾನು ತಳ್ಳಿದ ಅಷ್ಟೂ ದಿನಗಳ ಸಿಟ್ಟು ನನ್ನ ಮಾತಿನಲ್ಲಿತ್ತು.

ಮೇಡಂ ಕೈ ಒರೆಸಿಕೊಳ್ಳುತ್ತಿದ್ದರು. ಎಲ್ಲರನ್ನೂ ಎಲ್ಲರ ಮುಂದೆ ಬೈಯುವ ಹೆಂಗಸು, ಇಂಥ ಅವಕಾಶ ಬಿಡುತ್ತಾರೆಯೇ ಅಂದುಕೊಂಡಿದ್ದೆ. "ವರ್ಷಕ್ಕೊಂದು ದಿನ ನನ್ನ ಕಾರಿಗೆ ಕೈ ಮುಗೀತಿದ್ದ ಅಂತ ಗೊತ್ತಿತ್ತು ಪಂಡಿತ್ರೇ. ಏನಂತ ಕೇಳ್ಕೋತಿದ್ದ ಗೊತ್ತಾ? ನಮ್ಮಕ್ಕ ದಿನಾ ಹುಷಾರಾಗಿ ಮನೆ ಸೇರ್ಲಿ ಅಂತ. ಅವನ ಹೆಂಡ್ತಿ ಹೇಳಿದ್ಲು. ನಾನು ಒಂದು ಸಲಾನೂ ಈಚೆಗೆ ಬಂದು ನೋಡ್ಲಿಲ್ಲ" ಎಂದರು. ಆಮೇಲೆ ಬಾನೆಟ್ಟನ್ನು ಅದಕ್ಕೆ ಬೇಕಾದದ್ದಕ್ಕಿಂತ ಜೋರಾಗಿ ಮುಚ್ಚಿದರು.

ಭಾನುವಾರ ನಾನೂ ಹೋಗಿದ್ದೆ. ತಳ್ಳಲು ಅಲ್ಲ, ನೋಡಲು. ಗುಜರಿಯವನು ಟೆಂಪೋ ತಂದು, ಹಗ್ಗ ಹೆಗಲಿಗೆ ಹಾಕಿಕೊಂಡು ಗೇಟಿನ ಹತ್ತಿರ ನಿಂತಿದ್ದ. ತಮ್ಮನೋ ಅಕ್ಕನ ಮುಖ ನೋಡಲಾರದೆ ಗುಜರಿಯವನ ಮುಖವನ್ನೇ ನೋಡುತ್ತಿದ್ದ. ಅಕ್ಕಪಕ್ಕದ ಮನೆಯವರು ಕಾಂಪೌಂಡಿಗೆ ಕೈ ಊರಿ ಕಾಯುತ್ತಿದ್ದರು. ಮೇಡಂ ಬಂದು ಇಂಜಿನ್ ಹಾಕದೆ ಬರಿ ಹೆಡ್‌ಲೈಟು ಹಾಕಿದರು. "ಉರೀತಿರ್ಲಿ, ಬ್ಯಾಟರಿ ಎಷ್ಟು ತಡ್ಕೊಳತ್ತೆ ನೋಡೋಣ. ಎಲ್ರಿಗೂ ಕಾಫಿ ಕೊಡಮ್ಮ" ಎಂದು ತಮ್ಮನ ಹೆಂಡತಿಗೆ ಹೇಳಿ, ಗುಜರಿಯವನಿಗೂ ಲೋಟ ಕೊಡಿಸಿ, ತಾವು ಚೆನ್ನಾಗಿ ಆರಿಸಿಕೊಂಡು ಕುಡಿದರು. ಮೀಟರಿನ ಮೇಲೆ ನನಗೆ ಅವರಷ್ಟು ನಂಬಿಕೆ ಇರಲಿಲ್ಲ.

ಲೋಟ ಕೆಳಗಿಟ್ಟು ಹೋಗಿ ಕೀಲಿ ತಿರುಗಿಸಿದರು. ಅರೆಗಳಿಗೆಯೂ ನರಳದೆ ಕಾರು ಸ್ಟಾರ್ಟ್ ಆಯಿತು.

ಗುಜರಿಯವನು ಹಗ್ಗ ಇಳಿಸಿ, "ಬಾಗಾನೇ ಉಂದಿ ಕದ ಸಾರ್, ಚೆನ್ನಾಗೇ ಐತಲ್ಲ, ಯಾಕ್ ಮಾರ್ತೀರ?" ಎಂದು ತಮ್ಮನನ್ನೇ ಬೈದ. ತಮ್ಮನ ಮುಖದಲ್ಲಿ ಸೋತ ಬೇಸರಕ್ಕಿಂತ ಸಮಾಧಾನವೇ ಹೆಚ್ಚಿತ್ತು. ಹತ್ತಿರ ಬಂದು, "ಏನಾಗಿತ್ತಕ್ಕ ಇದಕ್ಕೆ?" ಎಂದು ಕೇಳಿದ.

ಮೇಡಂ ಇಂಜಿನ್ ಆಫ್ ಮಾಡಿ, ಕಿಟಕಿಯಿಂದ ತಲೆ ಆಚೆ ಹಾಕಿ, ಮುಖದಲ್ಲಿ ಒಂದು ಗೆರೆಯೂ ಅಲ್ಲಾಡದಂತೆ, "ಶೀತ ಆಗಿತ್ತು ಕಣೋ" ಎಂದರು.

"ಶೀತಾನಾ?"

"ಹ್ಞೂ. ವಯಸ್ಸಾದ ಇಂಜಿನ್ನು. ತಲೆ ಮೇಲೆ ತಣ್ಣೀರು ಬಿದ್ರೆ ತಡ್ಕೊಳಲ್ಲ. ಈ ಸಲದಿಂದ ಕಾಯಿ ನೀರು ಚಕ್ರಕ್ಕೆ ಹಾಕು, ಕುಂಕುಮ ಸ್ಟೀರಿಂಗ್‌ಗೆ ಇಡು. ಒಳಗಡೆ ಬೇಡ."

ಆತ ಹಣೆ ಹಣೆ ಚಚ್ಚಿಕೊಂಡ. "ಅಯ್ಯೋ ದೇವ್ರೇ, ಹಂಗಾದ್ರೆ ನಾನೇ ಅಲ್ವೇನಕ್ಕ..."

"ನೀನು ಮಾಡಿದ್ದು ಸರೀನೇ ಕಣೋ. ಅದಕ್ಕೆ ವಯಸ್ಸಾಯ್ತು, ಅಷ್ಟೇ" ಎಂದರು ಮೇಡಂ.

ನಮ್ಮ ಶಾಲೆಯಲ್ಲಿ ಗ್ರಹಣದ ದಿನ ಮಕ್ಕಳಿಗೆ ಬಲವಂತವಾಗಿ ಬಾಳೆಹಣ್ಣು ತಿನ್ನಿಸಿದ ಹೆಂಗಸು, ಸಮಾಜದ ಮೇಷ್ಟ್ರ ವಾಸ್ತುವನ್ನು ವರ್ಷಗಟ್ಟಲೆ ಹರಿದು ಹಾಕಿದ ಹೆಂಗಸು, ಬಾಯಿ ಬಿಟ್ಟು ಆಡಿದ ಒಂದೇ ಒಂದು ಮೂಢನಂಬಿಕೆ ಅದು. ಅದನ್ನು ತಾವೇ ಹುಟ್ಟಿಸಿದ್ದರು. ಆಮೇಲೆ ಒಬ್ಬರೇ ಸಿಕ್ಕಾಗ, "ಅಳೆದು ನೋಡಿ ಹೇಳಿದ್ರಾ ಮೇಡಂ, ಶೀತಾನ?" ಎಂದು ಕೆಣಕಿದೆ. "ಬಾಯ್ ಮುಚ್ಕೊಂಡು ಕೂತ್ಕೊಳಿ" ಎಂದರು. ನಾನು ಅವರನ್ನು ಆವರೆಗೆ ಇಷ್ಟಪಟ್ಟಿದ್ದೆ, ಹೆದರಿದ್ದೆ, ಹಿಂದಿನಿಂದ ಬೈದಿದ್ದೆ. ಗೌರವ ಅನ್ನುವುದು ಬಂದದ್ದು ಆ ದಿನವೇ.

ತಮ್ಮ ಆ ಮಾತನ್ನು ಎಷ್ಟು ನಂಬಿದನೆಂದರೆ, ಧನುರ್ಮಾಸದ ಚಳಿ ಶುರುವಾದೊಡನೆ ಬಾನೆಟ್ ಮೇಲೆ ಕಂಬಳಿ ಹೊದಿಸತೊಡಗಿದ. ಗೌರಿಬಿದನೂರಿನ ಬೀಗರ ಹೊಸ ಕಾರಿಗೂ ಒಂದು ಕಂಬಳಿ ಕೊಡಿಸಿದ ಎಂದು ಕೇಳಿದ್ದೇನೆ. ಮೇಡಂ ಅದನ್ನು ನೋಡಿಯೂ ನೋಡದಂತೆ ಓಡಾಡುತ್ತಿದ್ದರು. ಆ ವರ್ಷದಿಂದ ಆಯುಧಪೂಜೆಯ ದಿನ ರೂಮ್ ಬಿಟ್ಟು ಈಚೆಗೆ ಬಂದು, ಕಾರಿನ ಪಕ್ಕ ನಿಂತು, ಮಂಗಳಾರತಿಗೆ ಕೈ ಚಾಚುತ್ತಿದ್ದರು. ಕಾವಲಿಗೆ ನಿಲ್ಲುತ್ತೀರಾ ಎಂದು ಕೇಳಿದರೆ ಹೌದು ಅನ್ನುತ್ತಿದ್ದರು. ಪೂರ್ತಿ ನಿಜವಿರಲಿಕ್ಕಿಲ್ಲ.

ನಿವೃತ್ತಿಯಾದ ಮೇಲೂ ಕಾರು ಓಡಿಸಿದರು. ಹೋದ ವರ್ಷ ಒಂದು ಬೆಳಿಗ್ಗೆ ಎದೆ ನೋವು ಅಂದವರನ್ನು ತಮ್ಮನೇ ಅದೇ ಕಾರಿನಲ್ಲಿ ಆಸ್ಪತ್ರೆಗೆ ಕರೆದೊಯ್ದ. ನಾನು ಹೋಗುವ ಹೊತ್ತಿಗೆ ಎಲ್ಲ ಮುಗಿದಿತ್ತು. ಆತ ಆಸ್ಪತ್ರೆಯ ಮೆಟ್ಟಿಲ ಮೇಲೆ ಕೂತು, "ಒಂದೇ ಸೆಲ್ಫ್‌ಗೆ ಸ್ಟಾರ್ಟ್ ಆಯ್ತು ಮೇಷ್ಟ್ರೇ. ಒಂದೇ ಸೆಲ್ಫ್‌ಗೆ" ಎಂದು ಅದನ್ನೇ ಹೇಳುತ್ತಿದ್ದ. ನನಗೂ ಅಳು ಬಂತು. ನಾನು ಅತ್ತದ್ದನ್ನು ಮೇಡಂ ನೋಡಿದ್ದರೆ ಸ್ಟಾಫ್ ರೂಮಿನಲ್ಲಿ ವರ್ಷವಿಡೀ ಆಡಿಕೊಳ್ಳುತ್ತಿದ್ದರು.

ವರ್ಷ ತುಂಬುವವರೆಗೆ ಆ ಮನೆಯಲ್ಲಿ ಹಬ್ಬವಿರಲಿಲ್ಲ. ಈ ಸಲದ ಆಯುಧಪೂಜೆಗೆ ತಮ್ಮ ಫೋನು ಮಾಡಿ ಬರಲೇಬೇಕು ಅಂದ. ಹೋದೆ. ಕಾರು ತೊಳೆದು ಹೂವಿನ ಹಾರ ಹಾಕಿದ್ದರು. ಕಾಯಿ ನೀರು ಚಕ್ರಕ್ಕೇ ಬಿತ್ತು, ಕುಂಕುಮ ಸ್ಟೀರಿಂಗಿಗೇ ಏರಿತು. ಅಳಿಯ ಬಾನೆಟ್ ಎತ್ತಲು ಹೋದರೆ, "ಬೇಡಪ್ಪ, ಇಂಜಿನ್‌ಗೆ ಶೀತ ಆಗುತ್ತೆ" ಎಂದು ತಡೆದ. ಅಳಿಯ ಬೆಂಗಳೂರಿನಲ್ಲಿ ಓದಿದವನು. ನನ್ನ ಕಡೆ ನೋಡಿದ. ನಾನು "ಹೌದು, ಆಗುತ್ತೆ" ಎಂದೆ.

ಕಾರಿನ ಮುಂದೆ ಮಣೆಯ ಮೇಲೆ ಮನೆಯ ಆಯುಧಗಳನ್ನೆಲ್ಲ ಸಾಲಾಗಿ ಇಟ್ಟಿದ್ದರು. ಕತ್ತರಿ, ಈಳಿಗೆಮಣೆ, ಸುತ್ತಿಗೆ. ಅವುಗಳ ನಡುವೆ ಹಳದಿ ಮೀಟರು. ತಮ್ಮನೇ ಎರಡು ಕಡ್ಡಿಗಳನ್ನು ನೀಟಾಗಿ ಜೋಡಿಸಿ, ಎರಡರ ತುದಿಗೂ ಅರಿಸಿನ ಹಚ್ಚಿ ಕುಂಕುಮ ಇಟ್ಟಿದ್ದ.

ಪೂಜೆ ಮುಗಿದ ಮೇಲೆ ಅದನ್ನು ಎರಡೂ ಕೈಯಲ್ಲಿ ಎತ್ತಿ ನನಗೆ ಕೊಟ್ಟ. "ಮೇಷ್ಟ್ರೇ, ಅಕ್ಕ ಪೂಜೆ ಆದ್ಮೇಲೆ ಇದನ್ನ ಇಟ್ಟು ನೋಡ್ತಿದ್ಲು. ನಂಗೆ ಗೊತ್ತಾಗಲ್ಲ. ನೀವು ಅವಳ ಜೊತೆ ಇದ್ರಲ್ಲ, ನೋಡಿ ಹೇಳಿ" ಎಂದ. ಕಾರು ಸ್ಟಾರ್ಟ್ ಮಾಡಿದ. ಬಾನೆಟ್ ಎತ್ತಿ, ಕಡ್ಡಿಗಳನ್ನು ಬ್ಯಾಟರಿಯ ತುದಿಗಳಿಗೆ ಇಟ್ಟೆ. ಮೀಟರು ಸೊನ್ನೆ ತೋರಿಸಿತು. ತಮ್ಮನ ಮುಖ ಪೂರ್ತಿ ಇಳಿದುಹೋಯಿತು. "ಹೋಯ್ತಾ ಮೇಷ್ಟ್ರೇ?" ಎಂದು ಕೇಳಿದ ದನಿಯಲ್ಲಿ ಆತ ಕೇಳುತ್ತಿದ್ದದ್ದು ಬ್ಯಾಟರಿಯನ್ನಲ್ಲ.

"ಇಲ್ಲ ಸಾರ್. ಕಡ್ಡಿಗೂ ಸ್ವಲ್ಪ ಶೀತ ಆಗಿದೆ" ಎಂದು ಹೇಳಿ, ಆತ ಆ ಕಡೆ ತಿರುಗಿ ಕಣ್ಣೊರೆಸಿಕೊಳ್ಳುವಾಗ, ಎರಡು ತುದಿಗಳನ್ನೂ ನನ್ನ ಬಿಳಿ ಪಂಚೆಯಲ್ಲಿ ಉಜ್ಜಿ ಒರೆಸಿದೆ. ಕುಂಕುಮದ ಕಲೆ ಇನ್ನೂ ಹೋಗಿಲ್ಲ. ಮತ್ತೆ ಇಟ್ಟೆ. ಅಂಕಿಗಳು ಒಂದು ಕ್ಷಣ ತಡವರಿಸಿ ಹದಿನಾಲ್ಕರ ಮೇಲೆ ನಿಂತವು.

"ಏನಂತೆ ಮೇಷ್ಟ್ರೇ?"

"ತಲುಪ್ತಾ ಇದೆ ಸಾರ್" ಎಂದೆ.